ಯಾರಿಗಾಗಿ ಆಡುವುದು? ಲೀ ನಾ ಅವರ ಟೆನಿಸ್ ಬದುಕು



ಕ್ರೀಡೆ ಮತ್ತು ಸಮಾಜ ಎಂಬ ವಿಷಯದ ಮೇಲೆ ಮಾತನಾಡಬೇಕೆಂದು ತಾವು ಕೇಳಿದಿರಿ. ವಿಷಯ ದೊಡ್ಡದು. ಅದನ್ನು ಒಬ್ಬ ಆಟಗಾರ್ತಿಯ ಬದುಕಿನೊಳಗಿಂದ ನೋಡುವುದು ಲೇಸು ಎನಿಸಿ ಚೀನಾದ ಟೆನಿಸ್ ಆಟಗಾರ್ತಿ ಲೀ ನಾ ಅವರನ್ನು ಆರಿಸಿಕೊಂಡಿದ್ದೇನೆ. 2011ರ ಜೂನ್ 4ರಂದು ಪ್ಯಾರಿಸಿನಲ್ಲಿ ಫ್ರೆಂಚ್ ಓಪನ್ ಗೆದ್ದಾಗ, ಏಷ್ಯಾದ ದೇಶವೊಂದರ ಪರವಾಗಿ ಆಡಿ ಗ್ರ್ಯಾನ್‌ಸ್ಲಾಮ್ ಸಿಂಗಲ್ಸ್ ಪ್ರಶಸ್ತಿ ಪಡೆದ ಮೊದಲಿಗರಾದರು ಅವರು. ಗಂಡಸರನ್ನೂ ಲೆಕ್ಕಕ್ಕೆ ತೆಗೆದುಕೊಂಡೇ ಈ ಮಾತು.

ಅವರು ಆಡಿದ ಪಂದ್ಯಗಳನ್ನೆಲ್ಲ ಇಲ್ಲಿ ವರದಿ ಮಾಡುವುದಿಲ್ಲ. ನನ್ನನ್ನು ಬಹುಕಾಲದಿಂದ ಹಿಡಿದಿಟ್ಟಿರುವ ಪ್ರಶ್ನೆ ಒಂದೇ: ಆಟಗಾರ್ತಿಯ ಪ್ರತಿಭೆ ಯಾರದ್ದು? ಅವಳನ್ನು ಬೆಳೆಸಿದ ವ್ಯವಸ್ಥೆಯದ್ದೋ, ನೋಡಿ ಹೆಮ್ಮೆಪಡುವ ದೇಶದ್ದೋ, ಅವಳದ್ದೋ? ಲೀ ನಾ ಅವರ ಬದುಕಿನುದ್ದಕ್ಕೂ ಈ ಪ್ರಶ್ನೆ ಜಗ್ಗಾಡಿದೆ. ಮೊದಲು ಅವರು ರೂಪುಗೊಂಡ ಬಗೆ, ಆಮೇಲೆ ಅವರು ಆಟ ಬಿಟ್ಟು ಹೋಗಿ ಮರಳಿದ ಕಥೆ, ಬಳಿಕ ತಮ್ಮ ಆಟದ ನಿರ್ಧಾರಗಳು ತಮ್ಮ ಕೈಗೇ ಬಂದಾಗ ಅವರು ಮಾಡಿದ್ದು. ಈ ಕ್ರಮದಲ್ಲಿ ಮಾತನಾಡುತ್ತೇನೆ. ಕೊನೆಗೆ ಅವರ ನಂತರ ಬಂದವರ ಬಗ್ಗೆ ಸ್ವಲ್ಪ ಹೇಳುವುದಿದೆ.

ಲೀ ನಾ ಹುಟ್ಟಿದ್ದು 1982ರ ಫೆಬ್ರುವರಿ 26ರಂದು, ಹುಬೆ ಪ್ರಾಂತ್ಯದ ವುಹಾನ್ ನಗರದಲ್ಲಿ. ಯಾಂಗ್ತ್ಸೆ ನದಿಯ ದಂಡೆಯ ಈ ಊರಿನ ಹೆಸರನ್ನು ನಾವೆಲ್ಲ 2020ರಲ್ಲಿ ಬೇರೊಂದು ಕಾರಣಕ್ಕೆ, ಕೊರೊನಾ ಸೋಂಕಿನಿಂದಾಗಿ, ಕೇಳಿದೆವು. ಟೆನಿಸ್ ಬಲ್ಲವರಿಗೆ ಅದು ಮೊದಲಿನಿಂದಲೂ ಲೀ ನಾ ಅವರ ಊರು. ತಂದೆ ಬ್ಯಾಡ್ಮಿಂಟನ್ ಆಟಗಾರ. ಸಾಂಸ್ಕೃತಿಕ ಕ್ರಾಂತಿಯ ವರ್ಷಗಳಲ್ಲಿ ಅವರ ಆಟ ಅರ್ಧಕ್ಕೇ ನಿಂತಿತು. ತಮಗೆ ಕೈಗೂಡದ್ದು ಮಗಳಿಗಾದರೂ ಕೈಗೂಡಲಿ ಎಂದು ಅವಳನ್ನು ತೀರ ಚಿಕ್ಕ ವಯಸ್ಸಿನಲ್ಲೇ ಸರ್ಕಾರಿ ಕ್ರೀಡಾಶಾಲೆಗೆ ಕರೆದೊಯ್ದು ಬ್ಯಾಡ್ಮಿಂಟನ್‌ಗೆ ಹಚ್ಚಿದರು.

ಈ ಕ್ರೀಡಾಶಾಲೆಗಳ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗುವಂತಿಲ್ಲ. ಸೋವಿಯತ್ ಮಾದರಿಯಲ್ಲಿ ಕಟ್ಟಿದ ವ್ಯವಸ್ಥೆ ಅದು. ಮಕ್ಕಳ ಮೈಕಟ್ಟು, ಚುರುಕುತನ ನೋಡಿ ಅವರಿಗೆ ಯಾವ ಆಟ ಎಂಬುದನ್ನು ತರಬೇತುದಾರರೇ ಗೊತ್ತುಮಾಡುತ್ತಿದ್ದರು. ಊಟ, ವಸತಿ, ತರಬೇತಿ ಎಲ್ಲದರ ಖರ್ಚು ಸರ್ಕಾರದ್ದು. ಅದಕ್ಕೆ ಪ್ರತಿಯಾಗಿ ಸರ್ಕಾರ ಬಯಸಿದ್ದು ಪದಕ. ಮೊದಲು ಪ್ರಾಂತ್ಯಕ್ಕೆ, ಆಮೇಲೆ ದೇಶಕ್ಕೆ. ಟೆನಿಸ್‌ಗೆ ಅಲ್ಲಿ ಬಹುಕಾಲ ಮರ್ಯಾದೆ ಇರಲಿಲ್ಲ. ಅದು ಸಿರಿವಂತರ ಆಟ ಎಂಬ ಭಾವನೆ. 1924ರ ನಂತರ ಒಲಿಂಪಿಕ್ಸಿನಿಂದ ಹೊರಬಿದ್ದಿದ್ದ ಟೆನಿಸ್ 1988ರ ಸೋಲ್ ಒಲಿಂಪಿಕ್ಸಿನಲ್ಲಿ ಪದಕದ ಆಟವಾಗಿ ಮರಳಿತು. ಪದಕ ಇದೆ ಎಂದಾದ ಮೇಲೆ ಆಡುವವರು ಬೇಕಾದರು. ವುಹಾನಿನ ಒಬ್ಬ ಹುಡುಗಿಯ ದಾರಿ ತಿರುಗಿದ್ದು ಇದೇ ಗಾಳಿಯಲ್ಲಿ.

ಅವಳು ಷಟಲ್ ಕಾಕನ್ನು ಮಣಿಕಟ್ಟಿನಿಂದ ಹೊಡೆಯುತ್ತಿರಲಿಲ್ಲ, ಇಡೀ ತೋಳು ಬೀಸಿ ಭುಜದ ಬಲದಿಂದ ಹೊಡೆಯುತ್ತಿದ್ದಳು. ಬ್ಯಾಡ್ಮಿಂಟನ್ನಿನಲ್ಲಿ ಇದು ದೋಷ, ಟೆನಿಸ್ಸಿನಲ್ಲಿ ಗುಣ. ಟೆನಿಸ್ ತರಬೇತುದಾರರ ಕಣ್ಣಿಗೆ ಅದು ಬಿತ್ತು. ಒಂಬತ್ತು ತುಂಬುವ ಮೊದಲೇ ಅವಳ ಕೈಗೆ ಟೆನಿಸ್ ರ‍್ಯಾಕೆಟ್ ಬಂತು. ಮುಂದೆ ಜಗತ್ತಿನ ಅತಿ ಭದ್ರವಾದ ಎರಡು ಕೈಗಳ ಬ್ಯಾಕ್‌ಹ್ಯಾಂಡ್‌ಗಳಲ್ಲಿ ಒಂದು ಎನಿಸಿಕೊಂಡ ಹೊಡೆತದ ಮೂಲ ಆ ಬ್ಯಾಡ್ಮಿಂಟನ್ ಅಂಗಳದಲ್ಲಿದೆ ಎಂದು ನನಗೆ ಅನಿಸುತ್ತದೆ. ಆದರೆ ಈ ಬದಲಾವಣೆಗೆ ಆ ಹುಡುಗಿಯ ಒಪ್ಪಿಗೆಯನ್ನು ಯಾರೂ ಕೇಳಲಿಲ್ಲ.

ತರಬೇತಿ ಕಠಿಣವಾಗಿತ್ತು. ತಪ್ಪಿದರೆ ಬೈಗುಳ, ಸರಿಯಾಗಿ ಆಡಿದರೆ ಮೌನ. ಒಂದು ಒಳ್ಳೆಯ ಮಾತಿಗಾಗಿ ಕಾದು ಕಾದು ಬೆಳೆದದ್ದನ್ನು ಅವರು ಮುಂದೆ ತಮ್ಮ ಆತ್ಮಕಥೆಯಲ್ಲಿ ನೆನೆದಿದ್ದಾರೆ. 14 ವರ್ಷದವಳಿದ್ದಾಗ ತಂದೆ ಕಾಯಿಲೆಯಿಂದ ತೀರಿಕೊಂಡರು. ಮನೆಯಲ್ಲಿ ತಾಯಿ ಒಬ್ಬರೇ ಉಳಿದರು. ಅಲ್ಲಿಂದ ಮುಂದೆ ಆಟ ಎಂಬುದು ಇಷ್ಟ-ಅನಿಷ್ಟದ ಮಾತಾಗಿ ಉಳಿಯಲಿಲ್ಲ, ಹೊಣೆಯಾಯಿತು. 1997ರಲ್ಲಿ ರಾಷ್ಟ್ರೀಯ ತಂಡ, 1999ರಲ್ಲಿ ವೃತ್ತಿಪರ ಟೆನಿಸ್.

ಈಗ ಎರಡನೆಯ ಭಾಗಕ್ಕೆ ಬರುತ್ತೇನೆ. ಇಡೀ ಕಥೆಯ ಕೀಲು ಇರುವುದು ಇಲ್ಲಿ.

2002ರ ಕೊನೆಯಲ್ಲಿ, 20ನೆಯ ವಯಸ್ಸಿನಲ್ಲಿ, ಲೀ ನಾ ಬೀಜಿಂಗ್‌ನ ರಾಷ್ಟ್ರೀಯ ತರಬೇತಿ ಕೇಂದ್ರದ ತಮ್ಮ ಕೋಣೆಯಲ್ಲಿ ನಿವೃತ್ತಿ ಕೋರುವ ಪತ್ರ ಬರೆದಿಟ್ಟು ಹೊರಟುಬಿಟ್ಟರು. ಕಾರಣಗಳು ಹಲವು. ಮೈ ದಣಿದಿತ್ತು. ಮುಟ್ಟಿನ ನೋವಿನಲ್ಲೂ ಆಡಲೆಂದು ಹಾರ್ಮೋನ್ ಔಷಧಿ ತೆಗೆದುಕೊಳ್ಳುವಂತೆ ಮೇಲಿನವರ ಒತ್ತಾಯವಿತ್ತು. ಸಹ ಆಟಗಾರ ಜಿಯಾಂಗ್ ಶಾನ್ ಅವರ ಜೊತೆಗಿನ ಪ್ರೀತಿಗೆ ತಂಡದಲ್ಲಿ ವಿರೋಧವಿತ್ತು. ಊರಿಗೆ ಮರಳಿ ಹುವಾಝೊಂಗ್ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮ ಓದಲು ಸೇರಿಕೊಂಡರು. ಜಿಯಾಂಗ್ ಶಾನ್ ಕೂಡ ಜೊತೆಗೆ ಬಂದರು. ಮುಂದೆ ಇಬ್ಬರೂ ಮದುವೆಯಾದರು.

ವಿದ್ಯಾರ್ಥಿಗಳು ಇಲ್ಲಿ ಕುಳಿತಿರುವುದರಿಂದ ಈ ಎರಡು ವರ್ಷಗಳ ಮೇಲೆ ಸ್ವಲ್ಪ ನಿಲ್ಲುತ್ತೇನೆ. ವೃತ್ತಿಪರ ಟೆನಿಸ್ಸಿನಲ್ಲಿ 20ರಿಂದ 22 ಅಮೂಲ್ಯ ಕಾಲ. ಆ ವಯಸ್ಸಿಗೆ ಮಾರ್ಟಿನಾ ಹಿಂಗಿಸ್, ಸೆರೆನಾ ವಿಲಿಯಮ್ಸ್ ಜಗತ್ತನ್ನೇ ಗೆದ್ದಾಗಿತ್ತು. ಲೀ ನಾ ತರಗತಿಗೆ ಹೋದರು, ಬೇಕಾದಾಗ ಮಲಗಿದರು, ಇಷ್ಟಬಂದವರ ಜೊತೆ ಓಡಾಡಿದರು. ಅಂಕಪಟ್ಟಿಯಲ್ಲಿ ಈ ವರ್ಷಗಳು ಖಾಲಿ. ಆದರೆ ಎಂಟು-ಒಂಬತ್ತರ ವಯಸ್ಸಿನಿಂದ ಬೇರೆಯವರು ಬರೆದ ದಿನಚರಿಯಲ್ಲಿ ಬದುಕಿದವರಿಗೆ ಆಡದೆ ಇರುವ ಸ್ವಾತಂತ್ರ್ಯ ಮೊದಲ ಬಾರಿಗೆ ಸಿಕ್ಕಿದ್ದು ಆಗಲೇ. ಅದು ಸಿಗದಿದ್ದರೆ ಮುಂದಿನ ಹತ್ತು ವರ್ಷಗಳ ಆಟವೂ ಇರುತ್ತಿರಲಿಲ್ಲ ಎಂದು ನಾನು ನಂಬುತ್ತೇನೆ.

ಮರಳಿ ಕರೆತಂದವರು ಸುನ್ ಜಿನ್‌ಫಾಂಗ್. ಚೀನಾದ ಮಹಿಳಾ ವಾಲಿಬಾಲ್ ತಂಡದ ಹಳೆಯ ನಾಯಕಿ, ಆಗ ದೇಶದ ಟೆನಿಸ್ ಆಡಳಿತದ ಮುಖ್ಯಸ್ಥೆಯಾಗಿ ಬಂದಿದ್ದವರು. ನಿನಗಾಗಿ ಬಂದು ಆಡು ಎಂಬ ಅರ್ಥದ ಮಾತನ್ನು ಅವರು ಹೇಳಿದರು. ದೇಶಕ್ಕಾಗಿ, ಪ್ರಾಂತ್ಯಕ್ಕಾಗಿ ಎಂಬ ಮಾತನ್ನಷ್ಟೇ ಕೇಳಿ ಬೆಳೆದ ಲೀ ನಾ ಅವರಿಗೆ ಹಾಗೆ ಹೇಳಿದವರು ಬೇರೆ ಯಾರೂ ಇರಲಿಲ್ಲ. 2004ರಲ್ಲಿ ರ‍್ಯಾಂಕಿಂಗೇ ಇಲ್ಲದೆ ಸಣ್ಣ ಸಣ್ಣ ಪಂದ್ಯಾವಳಿಗಳಿಂದ ಮತ್ತೆ ಶುರುಮಾಡಿದರು. ಆ ವರ್ಷವೇ ಗುವಾಂಗ್‌ಝೌ ಓಪನ್‌ನಲ್ಲಿ ಅರ್ಹತಾ ಸುತ್ತಿನಿಂದ ಮೇಲೆ ಬಂದು ಪ್ರಶಸ್ತಿ ಗೆದ್ದರು. ಮಹಿಳಾ ಟೆನಿಸ್ ಸಂಘದ, ಅಂದರೆ ಡಬ್ಲ್ಯುಟಿಎಯ, ಸಿಂಗಲ್ಸ್ ಪ್ರಶಸ್ತಿಯೊಂದು ಚೀನಾದ ಆಟಗಾರ್ತಿಗೆ ಸಿಕ್ಕಿದ್ದು ಅದೇ ಮೊದಲು.

ಆದರೆ ಚೀನಾದ ಆಟಗಾರ್ತಿಯರು ಆಗ ಹೆಚ್ಚಾಗಿ ಮಿಂಚುತ್ತಿದ್ದುದು ಡಬಲ್ಸ್‌ನಲ್ಲಿ. ಅದೇ 2004ರಲ್ಲಿ ಅಥೆನ್ಸ್ ಒಲಿಂಪಿಕ್ಸಿನಲ್ಲಿ ಲೀ ತಿಂಗ್ ಮತ್ತು ಸುನ್ ತಿಯಾಂತಿಯಾನ್ ಡಬಲ್ಸ್ ಚಿನ್ನ ಗೆದ್ದಿದ್ದರು. 2006ರಲ್ಲಿ ಜೆಂಗ್ ಜೀ ಮತ್ತು ಯಾನ್ ಜಿ ಆಸ್ಟ್ರೇಲಿಯನ್ ಓಪನ್, ವಿಂಬಲ್ಡನ್ ಎರಡರಲ್ಲೂ ಡಬಲ್ಸ್ ಗೆದ್ದರು. ಜೋಡಿಯಾಗಿ ವರ್ಷಗಟ್ಟಲೆ ಒಟ್ಟಿಗೆ ಅಭ್ಯಾಸ ಮಾಡಿಸಬಲ್ಲ ವ್ಯವಸ್ಥೆಗೆ ಡಬಲ್ಸ್ ಹೇಳಿಮಾಡಿಸಿದ ಆಟ. ಬೆಂಗಳೂರಿನ ಹಿರಿಯ ಟೆನಿಸ್ ಪ್ರೇಮಿಗಳಿಗೆ ಇದರ ಒಂದು ತುಣುಕು ನೆನಪಿರಬಹುದು. 2008ರ ಮಾರ್ಚಿನಲ್ಲಿ ಕಬ್ಬನ್ ಉದ್ಯಾನದ ಅಂಗಳದಲ್ಲಿ ಸೆರೆನಾ ವಿಲಿಯಮ್ಸ್ ಸಿಂಗಲ್ಸ್ ಗೆದ್ದ ಬೆಂಗಳೂರು ಓಪನ್‌ನಲ್ಲಿ ಡಬಲ್ಸ್ ಪ್ರಶಸ್ತಿ ಎತ್ತಿದವರು ಪೆಂಗ್ ಶುವಾಯ್ ಮತ್ತು ಸುನ್ ತಿಯಾಂತಿಯಾನ್. ಸಿಂಗಲ್ಸ್ ಬೇರೆಯದೇ ಮಾತು. ಅಲ್ಲಿ ವರ್ಷವಿಡೀ ಊರೂರು ಸುತ್ತಬೇಕು, ಯಾವ ಪಂದ್ಯಾವಳಿ ಆಡಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ತನ್ನ ಮೈ ಕೇಳಿ ನಿರ್ಧರಿಸಬೇಕು.

ಲೀ ನಾ 2006ರ ವಿಂಬಲ್ಡನ್‌ನಲ್ಲಿ ಕ್ವಾರ್ಟರ್ ಫೈನಲ್ ತಲುಪಿದರು. ಗ್ರ್ಯಾನ್‌ಸ್ಲಾಮ್ ಸಿಂಗಲ್ಸ್‌ನಲ್ಲಿ ಚೀನಾದ ಯಾರೂ ಅಲ್ಲಿಯವರೆಗೆ ಬಂದಿರಲಿಲ್ಲ. 2008ರ ಬೀಜಿಂಗ್ ಒಲಿಂಪಿಕ್ಸಿನಲ್ಲಿ ವೀನಸ್ ವಿಲಿಯಮ್ಸ್ ಅವರನ್ನು ಸೋಲಿಸಿ, ಕೊನೆಗೆ ನಾಲ್ಕನೆಯವರಾಗಿ ಪದಕದ ಹೊಸ್ತಿಲಲ್ಲಿ ನಿಂತರು. ಅಲ್ಲಿನ ಸೆಮಿಫೈನಲ್‌ನಲ್ಲಿ, ಪಾಯಿಂಟುಗಳ ನಡುವೆ ಕೂಗಾಡುತ್ತಿದ್ದ ತಮ್ಮದೇ ದೇಶದ ಪ್ರೇಕ್ಷಕರಿಗೆ ಸುಮ್ಮನಿರುವಂತೆ ಇಂಗ್ಲಿಷಿನಲ್ಲಿ ಗದರಿದರು. ಪತ್ರಿಕೆಗಳು ಅದನ್ನು ಸುಲಭಕ್ಕೆ ಬಿಡಲಿಲ್ಲ.

ಮೂರನೆಯ ಭಾಗ ಶುರುವಾಗುವುದು ಆ ಒಲಿಂಪಿಕ್ಸ್ ಮುಗಿದ ಮೇಲೆ. ಸುನ್ ಜಿನ್‌ಫಾಂಗ್ ಅವರ ಆಡಳಿತ ಒಂದು ದಿಟ್ಟ ಹೆಜ್ಜೆ ಇಟ್ಟಿತು. ಲೀ ನಾ, ಜೆಂಗ್ ಜೀ, ಯಾನ್ ಜಿ, ಪೆಂಗ್ ಶುವಾಯ್ ಈ ನಾಲ್ವರಿಗೆ ತಮ್ಮ ತರಬೇತುದಾರರನ್ನೂ ಪಂದ್ಯಾವಳಿಗಳನ್ನೂ ತಾವೇ ಆರಿಸಿಕೊಳ್ಳುವ ಅನುಮತಿ ಸಿಕ್ಕಿತು. ಹಿಂದೆ ಗಳಿಕೆಯ ಶೇ 65ರಷ್ಟು ವ್ಯವಸ್ಥೆಗೆ ಹೋಗುತ್ತಿತ್ತು. ಈಗ ಶೇ 8ರಿಂದ 12. ಆದರೆ ಪ್ರಯಾಣ, ತರಬೇತುದಾರರ ಸಂಬಳ, ವೈದ್ಯರ ಖರ್ಚು ಎಲ್ಲ ಅವರವರದ್ದೇ. ಗೆದ್ದರೆ ಲಾಭ, ಸೋತರೆ ಕೈಯಿಂದ ನಷ್ಟ. ಆಗ ಲೀ ನಾ 26 ದಾಟಿದ್ದರು, ಮೊಣಕಾಲಿಗೆ ಶಸ್ತ್ರಚಿಕಿತ್ಸೆಯೂ ಆಗಿತ್ತು. ಪತಿ ಜಿಯಾಂಗ್ ಶಾನ್ ತರಬೇತುದಾರರಾದರು.

ಫಲ ಬರಲು ಬಹಳ ಕಾಲ ಹಿಡಿಯಲಿಲ್ಲ. 2010ರ ಆಸ್ಟ್ರೇಲಿಯನ್ ಓಪನ್‌ನಲ್ಲಿ ಲೀ ನಾ, ಜೆಂಗ್ ಜೀ ಇಬ್ಬರೂ ಸೆಮಿಫೈನಲ್ ತಲುಪಿದರು. ಲೀ ನಾ ಜಗತ್ತಿನ ಮೊದಲ ಹತ್ತರೊಳಗೆ ಬಂದರು. 2011ರಲ್ಲಿ ಅದೇ ಮೆಲ್ಬರ್ನಿನಲ್ಲಿ ಮ್ಯಾಚ್ ಪಾಯಿಂಟ್ ಉಳಿಸಿಕೊಂಡು ವೋಜ್ನಿಯಾಕಿ ಅವರನ್ನು ಸೋಲಿಸಿ ಫೈನಲ್‌ಗೆ ಬಂದರು, ಅಲ್ಲಿ ಕಿಮ್ ಕ್ಲೈಸ್ಟರ್ಸ್‌ಗೆ ಮೂರು ಸೆಟ್‌ಗಳಲ್ಲಿ ಮಣಿದರು. ಸೆಮಿಫೈನಲ್ ಗೆದ್ದ ಮೇಲೆ, ಗಂಡನ ಗೊರಕೆಯಿಂದ ರಾತ್ರಿ ನಿದ್ದೆ ಬರಲಿಲ್ಲ ಎಂದು ಮೈಕಿನ ಮುಂದೆ ಹೇಳಿ ಇಡೀ ಕ್ರೀಡಾಂಗಣವನ್ನು ನಗಿಸಿದ್ದರು. ಚೀನಾದ ಆಟಗಾರರೆಂದರೆ ಬರೆದುಕೊಟ್ಟದ್ದನ್ನು ಓದುವವರು ಎಂಬ ಜಗತ್ತಿನ ನಂಬಿಕೆ ಅಂದು ಸಡಿಲವಾಯಿತು.

ಆ ಫೈನಲ್ ನಂತರ ಸತತ ಸೋಲು. ಪ್ಯಾರಿಸಿಗೆ ಮೊದಲು ಅವರು ಪತಿಯನ್ನು ತರಬೇತುದಾರನ ಸ್ಥಾನದಿಂದ ಬಿಡಿಸಿ ಡೆನ್ಮಾರ್ಕಿನ ಮೈಕಲ್ ಮಾರ್ಟೆನ್‌ಸನ್ ಅವರನ್ನು ತಂದರು. ಮನೆಯೊಳಗೆ ಇದು ಎಷ್ಟು ಕಷ್ಟದ ನಿರ್ಧಾರ ಎಂಬುದನ್ನು ಮದುವೆಯಾದವರಿಗೆ ವಿವರಿಸಬೇಕಿಲ್ಲ. ಜಿಯಾಂಗ್ ಶಾನ್ ಪಕ್ಕಕ್ಕೆ ಸರಿದರು, ಆದರೆ ಆಟಗಾರರ ಬಳಗಕ್ಕೆ ಮೀಸಲಾದ ಜಾಗದಲ್ಲಿ ಕುಳಿತು ಪ್ರತಿ ಪಂದ್ಯ ನೋಡಿದರು.

ಫ್ರೆಂಚ್ ಓಪನ್‌ನ ಮಣ್ಣಿನ ಅಂಗಳ ಲೀ ನಾ ಅವರಿಗೆ ಒಗ್ಗುವಂಥದ್ದಲ್ಲ. ಮಣ್ಣಿಗೆ ಬಿದ್ದ ಚೆಂಡು ನಿಧಾನವಾಗುತ್ತದೆ, ಎತ್ತರಕ್ಕೆ ಪುಟಿಯುತ್ತದೆ. ಅವರದ್ದು ಚೆಂಡು ಏರುವಾಗಲೇ ಚಪ್ಪಟೆಯಾಗಿ ಬಾರಿಸುವ ಆಟ. ಆದರೂ ಕ್ವಿಟೋವಾ, ಅಜರೆಂಕಾ, ಶರಪೋವಾ ಮೂವರನ್ನೂ ದಾಟಿ ಬಂದರು. ಫೈನಲ್‌ನಲ್ಲಿ ಎದುರಿಗಿದ್ದವರು ಹಿಂದಿನ ವರ್ಷದ ಚಾಂಪಿಯನ್ ಇಟಲಿಯ ಫ್ರಾನ್ಸೆಸ್ಕಾ ಸ್ಕಿಯವೋನೆ. ಮೊದಲ ಸೆಟ್ 6-4. ಎರಡನೆಯದರಲ್ಲಿ ಸ್ಕಿಯವೋನೆ 6-5ರಿಂದ ಮುಂದಿದ್ದರು. ಲೀ ನಾ ಸರ್ವ್ ಮಾಡುತ್ತಿದ್ದ ಆಟ ಡ್ಯೂಸ್‌ನಲ್ಲಿತ್ತು. ಆಗ ಲೀ ನಾ ಹೊಡೆದ ಒಂದು ಬ್ಯಾಕ್‌ಹ್ಯಾಂಡ್ ಗೆರೆಯ ಬಳಿ ಬಿತ್ತು. ಹೊರಗೆ ಬಿದ್ದಿದೆ ಎಂದು ಸ್ಕಿಯವೋನೆ ವಾದಿಸಿದರು. ಅಂಪೈರ್ ಕುರ್ಚಿಯಿಂದ ಇಳಿದು ಬಂದು ಮಣ್ಣಿನ ಮೇಲಿನ ಗುರುತು ನೋಡಿದರು, ಒಳಗೇ ಬಿದ್ದಿದೆ ಎಂದರು. ಅಲ್ಲಿಂದ ಮುಂದೆ ಸ್ಕಿಯವೋನೆಗೆ ಒಂದೇ ಒಂದು ಪಾಯಿಂಟ್ ಸಿಗಲಿಲ್ಲ. ಟೈಬ್ರೇಕ್ 7-0. ಲೀ ನಾ ಕೆಂಪು ಮಣ್ಣಿನ ಮೇಲೆ ಅಂಗಾತ ಬಿದ್ದರು. ಚೀನಾದಲ್ಲಿ 11.6 ಕೋಟಿ ಜನ ಟಿವಿಯಲ್ಲಿ ಅದನ್ನು ನೋಡಿದರು. ಅಮೆರಿಕನ್ನರಿಗೂ ಯುರೋಪಿಯನ್ನರಿಗೂ ಆ ದಿನ ಟೆನಿಸ್ಸಿನ ಭೂಪಟ ಬದಲಾಯಿತು.

ಗೆಲುವಿನ ಮರುದಿನದಿಂದ ಜಾಹೀರಾತುಗಳ ಮಳೆ, ಸನ್ಮಾನ, ಸಂದರ್ಶನ. ಅಂಗಳದಲ್ಲಿ ಮಾತ್ರ ಬರಗಾಲ. ವಿಂಬಲ್ಡನ್‌ನಲ್ಲಿ ಎರಡನೇ ಸುತ್ತಿನಲ್ಲಿ, ಅಮೆರಿಕನ್ ಓಪನ್‌ನಲ್ಲಿ ಮೊದಲ ಸುತ್ತಿನಲ್ಲೇ ಸೋಲು. ಮುಂದಿನ ಪ್ರಶಸ್ತಿಗೆ 2012ರ ಆಗಸ್ಟ್‌ವರೆಗೆ ಕಾಯಬೇಕಾಯಿತು. ಆ ತಿಂಗಳೇ ಅವರು ಕಾರ್ಲೋಸ್ ರೊಡ್ರಿಗೆಸ್ ಅವರನ್ನು ಗುರುವಾಗಿ ಒಪ್ಪಿಕೊಂಡರು. ಬೆಲ್ಜಿಯಂನ ಜಸ್ಟಿನ್ ಹೆನಿನ್ ಅವರನ್ನು ಶಿಖರಕ್ಕೇರಿಸಿದ ತರಬೇತುದಾರ ಇವರು. 30 ವರ್ಷದ ಆಟಗಾರ್ತಿಯ ಕೈಯಲ್ಲಿ ಸರ್ವ್ ಮತ್ತು ಫೋರ್‌ಹ್ಯಾಂಡನ್ನು ತಿದ್ದಿಸಿದರು, ಬಲೆಯ ಹತ್ತಿರ ಬಂದು ಆಡುವುದನ್ನು ಕಲಿಸಿದರು. ಇದಕ್ಕಿಂತ ದೊಡ್ಡ ಕೆಲಸ ಮನಸ್ಸಿನದ್ದು. ಎಳವೆಯಲ್ಲಿ ಕೇಳಿದ ಬೈಗುಳ ಲೀ ನಾ ಅವರೊಳಗೆ ಉಳಿದುಕೊಂಡಿತ್ತು. ಪಂದ್ಯದ ನಡುವೆ ತಮ್ಮನ್ನು ತಾವೇ ಬೈದುಕೊಳ್ಳುವುದು, ಎದುರಿಗೆ ಕುಳಿತ ಗಂಡನ ಮೇಲೆ ರೇಗುವುದು ಎಲ್ಲರ ಕಣ್ಣಿಗೂ ಬೀಳುತ್ತಿತ್ತು. ಆ ಗಂಟನ್ನು ಬಿಚ್ಚಲು ರೊಡ್ರಿಗೆಸ್ ತಾಳ್ಮೆಯಿಂದ ಶ್ರಮಿಸಿದರು.

2013ರ ಆಸ್ಟ್ರೇಲಿಯನ್ ಓಪನ್ ಫೈನಲ್ ನೆನೆದರೆ ಈಗಲೂ ಮನಸ್ಸು ಭಾರವಾಗುತ್ತದೆ. ಅಜರೆಂಕಾ ವಿರುದ್ಧ ಮೊದಲ ಸೆಟ್ ಗೆದ್ದಿದ್ದರು. ಆಮೇಲೆ ಪಾದ ಹೊರಳಿ ಬಿದ್ದರು. ಎದ್ದು ಪಟ್ಟಿ ಸುತ್ತಿಸಿಕೊಂಡು ಆಡಿದರು. ಮೂರನೇ ಸೆಟ್‌ನಲ್ಲಿ ಆಸ್ಟ್ರೇಲಿಯಾ ದಿನದ ಪಟಾಕಿಗಳಿಗಾಗಿ ಆಟ ನಿಂತು ಶುರುವಾದ ತಕ್ಷಣ ಮತ್ತೆ ಬಿದ್ದರು, ಈ ಸಲ ತಲೆ ನೆಲಕ್ಕೆ ಬಡಿಯಿತು. ಪಂದ್ಯ ಸೋತರು. ಮುಂದಿನ ವರ್ಷ ಅದೇ ಮೆಲ್ಬರ್ನಿನಲ್ಲಿ ಮೂರನೇ ಸುತ್ತಿನಲ್ಲೇ ಮನೆಗೆ ಹೋಗುವುದರಲ್ಲಿದ್ದರು. ಲೂಸಿ ಸಫಾರೋವಾ ಕೈಯಲ್ಲಿ ಮ್ಯಾಚ್ ಪಾಯಿಂಟ್ ಇತ್ತು. ಸಫಾರೋವಾ ಹೊಡೆದ ಬ್ಯಾಕ್‌ಹ್ಯಾಂಡ್ ಕೆಲವೇ ಅಂಗುಲ ಹೊರಗೆ ಬಿತ್ತು. ಬದುಕಿಕೊಂಡ ಲೀ ನಾ ಅಲ್ಲಿಂದ ಹಿಂದಿರುಗಿ ನೋಡದೆ ಆಡಿ, ಫೈನಲ್‌ನಲ್ಲಿ ಡೊಮಿನಿಕಾ ಸಿಬುಲ್ಕೋವಾ ಅವರನ್ನು 7-6, 6-0ರಿಂದ ಸೋಲಿಸಿದರು. ಆಗ ಅವರಿಗೆ 32 ತುಂಬಲು ಒಂದು ತಿಂಗಳು ಬಾಕಿ. ಫೆಬ್ರುವರಿಯಲ್ಲಿ ಜಗತ್ತಿನ ಎರಡನೇ ಸ್ಥಾನಕ್ಕೇರಿದರು.

ಪಂದ್ಯಗಳ ಮಾತನ್ನು ಇಲ್ಲಿಗೆ ಬಿಟ್ಟು ನನ್ನ ಮೂಲ ಪ್ರಶ್ನೆಗೆ ಬರುತ್ತೇನೆ. ಯಾರಿಗಾಗಿ ಆಡುವುದು?

2014ರ ಮೆಲ್ಬರ್ನ್ ಗೆಲುವಿನ ಬಹುಮಾನ ಸಮಾರಂಭದಲ್ಲಿ ಲೀ ನಾ ತಮ್ಮ ಏಜೆಂಟ್, ಗುರು, ಗಂಡ ಇವರಿಗೆ ವಂದಿಸಿದರು. ದೇಶದ ಹೆಸರೆತ್ತಲಿಲ್ಲ. ಹುಬೆಗೆ ಮರಳಿದಾಗ ಪ್ರಾಂತೀಯ ಸರ್ಕಾರ 8 ಲಕ್ಷ ಯುವಾನ್ ಬಹುಮಾನ ಕೊಟ್ಟಿತು. ದೊಡ್ಡ ಅಕ್ಷರದ ಆ ಚೆಕ್ಕನ್ನು ಹಿಡಿದು ನಿಂತ ಅವರ ಮುಖದಲ್ಲಿ ನಗುವಿಲ್ಲದ ಚಿತ್ರ ಎಲ್ಲೆಡೆ ಹರಡಿತು. ಇಷ್ಟು ಶ್ರೀಮಂತ ಆಟಗಾರ್ತಿಗೆ ಜನರ ತೆರಿಗೆ ಹಣ ಏಕೆ ಎಂದು ಕೆಲವರು, ಕೃತಜ್ಞತೆ ಇಲ್ಲದವಳು ಎಂದು ಕೆಲವರು ಚರ್ಚಿಸಿದರು. ಹಿಂದಿನ ವರ್ಷ ಫ್ರೆಂಚ್ ಓಪನ್‌ನಲ್ಲಿ ಎರಡನೇ ಸುತ್ತಿಗೇ ಸೋತಾಗ, ದೇಶದ ಅಭಿಮಾನಿಗಳಿಗೆ ಏನು ಹೇಳುತ್ತೀರಿ ಎಂದು ಚೀನಾದ ಪತ್ರಕರ್ತರೊಬ್ಬರು ಕೇಳಿದ್ದರು. ಒಂದು ಪಂದ್ಯ ಸೋತದ್ದಕ್ಕೆ ಮಂಡಿಯೂರಿ ತಲೆಬಾಗಿಸಬೇಕೇ ಎಂದು ಅವರು ಮರುಪ್ರಶ್ನೆ ಹಾಕಿದ್ದರು. ಅದಕ್ಕೂ ದೊಡ್ಡ ಗದ್ದಲವಾಯಿತು.

ಈ ಮಾತುಗಳನ್ನು ಅಹಂಕಾರವೆಂದು ಓದಲು ನಾನು ಸಿದ್ಧನಿಲ್ಲ. ಗೆದ್ದಾಗ ದೇಶದ ಮಗಳು, ಸೋತಾಗ ದೇಶಕ್ಕೆ ತಪ್ಪಿತಸ್ಥಳು ಎಂಬ ಲೆಕ್ಕ ಆಟಗಾರರನ್ನು ಒಳಗಿಂದ ಸುಡುತ್ತದೆ. ಲೀ ನಾ ಕೇಳಿದ್ದು ಸೋಲುವ ಹಕ್ಕನ್ನು. ಅದೇ ಹೊತ್ತಿಗೆ ಅವರನ್ನು ವ್ಯವಸ್ಥೆಯ ವಿರುದ್ಧ ಸಿಡಿದೆದ್ದ ಬಂಡಾಯಗಾರ್ತಿ ಎಂದಷ್ಟೇ ಬಣ್ಣಿಸುವ ಪಾಶ್ಚಾತ್ಯ ಪತ್ರಿಕೆಗಳ ಮಾತನ್ನೂ ನಾನು ಪೂರ್ತಿ ಒಪ್ಪಲಾರೆ. ತರಬೇತಿಯ ಖರ್ಚನ್ನು ವುಹಾನಿನ ಆ ಸಾಮಾನ್ಯ ಕುಟುಂಬ ಹೊರಲು ಸಾಧ್ಯವೇ ಇರಲಿಲ್ಲ. ಬುನಾದಿ ಹಾಕಿದ್ದು ಸರ್ಕಾರಿ ಕ್ರೀಡಾಶಾಲೆಯೇ, ಬಾಗಿಲು ತೆರೆದದ್ದೂ ಅದೇ ವ್ಯವಸ್ಥೆಯೊಳಗಿನ ಒಬ್ಬ ಅಧಿಕಾರಿಯೇ.

ಆ ಬಾಗಿಲಿಗೂ ಮಿತಿ ಇತ್ತು ಎಂಬುದನ್ನು ಮರೆಯಬಾರದು. ತರಬೇತುದಾರರನ್ನು ತಾವೇ ಆರಿಸಿಕೊಳ್ಳುವ ಅನುಮತಿ ಪಡೆದ ನಾಲ್ವರಲ್ಲಿ ಒಬ್ಬರಾದ ಪೆಂಗ್ ಶುವಾಯ್ 2014ರಲ್ಲಿ ಡಬಲ್ಸ್‌ನಲ್ಲಿ ವಿಶ್ವದ ಮೊದಲ ಸ್ಥಾನಕ್ಕೇರಿದವರು. 2021ರ ನವೆಂಬರಿನಲ್ಲಿ ದೇಶದ ಮಾಜಿ ಉಪಪ್ರಧಾನಿಯೊಬ್ಬರ ಮೇಲೆ ಆರೋಪ ಮಾಡಿದ ಅವರ ಬರಹ ಪ್ರಕಟವಾಗಿ ಸ್ವಲ್ಪ ಹೊತ್ತಿನಲ್ಲೇ ಅಳಿಸಿಹೋಯಿತು, ಕೆಲವು ದಿನ ಅವರು ಯಾರ ಕಣ್ಣಿಗೂ ಬೀಳಲಿಲ್ಲ. ತಮ್ಮನ್ನು ತಪ್ಪಾಗಿ ಅರ್ಥಮಾಡಿಕೊಳ್ಳಲಾಗಿದೆ ಎಂದು ಮುಂದೆ ಅವರು ಹೇಳಿದರು. ಮಹಿಳಾ ಟೆನಿಸ್ ಸಂಘ ಚೀನಾದಲ್ಲಿನ ಪಂದ್ಯಾವಳಿಗಳನ್ನು ನಿಲ್ಲಿಸಿ, 2023ರಲ್ಲಿ ಮತ್ತೆ ಆರಂಭಿಸಿತು. ತರಬೇತುದಾರರನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವೇ ಬೇರೆ, ಮಾತಿನ ಸ್ವಾತಂತ್ರ್ಯವೇ ಬೇರೆ ಎಂಬುದು ಆ ತಿಂಗಳುಗಳಲ್ಲಿ ಜಗತ್ತಿಗೆಲ್ಲ ಕಂಡಿತು.

ಕೊನೆಯ ಭಾಗ ಚಿಕ್ಕದು. 2014ರ ಸೆಪ್ಟೆಂಬರ್ 19ರಂದು ಲೀ ನಾ ನಿವೃತ್ತಿ ಘೋಷಿಸಿದರು. ಮೊಣಕಾಲುಗಳಿಗೆ ನಾಲ್ಕು ಶಸ್ತ್ರಚಿಕಿತ್ಸೆಗಳಾಗಿದ್ದವು, ಇನ್ನು ಸಾಗದು ಎಂದು ಮೈ ಹೇಳಿತ್ತು. ಅವರ ತವರಿನಲ್ಲಿ ಮೊದಲ ವುಹಾನ್ ಓಪನ್ ಶುರುವಾಗುವುದಕ್ಕೆ ಆಗ ಕೆಲವೇ ದಿನಗಳಿದ್ದವು. 2019ರಲ್ಲಿ ಅಂತರರಾಷ್ಟ್ರೀಯ ಟೆನಿಸ್ ಹಾಲ್ ಆಫ್ ಫೇಮ್‌ಗೆ ಸೇರಿದರು. ಏಷ್ಯಾದಲ್ಲಿ ಹುಟ್ಟಿದ ಆಟಗಾರರಲ್ಲಿ ಆ ಗೌರವ ಅವರಿಗೇ ಮೊದಲು.

ಈಗ ಅವರ ನಂತರ ಬಂದವರ ಮಾತು. ಹುಬೆ ಪ್ರಾಂತ್ಯದ ಶಿಯಾನ್ ಎಂಬ ಊರಿನ ಆಟಗಾರ್ತಿ ಜೆಂಗ್ ಚಿನ್ವೆನ್‌ಗೆ 2011ರಲ್ಲಿ ಇನ್ನೂ ಎಂಟು ವರ್ಷ. ಲೀ ನಾ ಅವರ ಪ್ಯಾರಿಸ್ ಗೆಲುವು ತನ್ನ ಕನಸಿಗೆ ಕಾರಣ ಎಂದು ಅವರು ಹಲವು ಸಲ ಹೇಳಿದ್ದಾರೆ. 2024ರ ಆಗಸ್ಟಿನಲ್ಲಿ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ, ಅದೇ ರೋಲಂಡ್ ಗ್ಯಾರೋಸ್ ಮಣ್ಣಿನಲ್ಲಿ, ಸಿಂಗಲ್ಸ್ ಚಿನ್ನ ಗೆದ್ದರು. ಟೆನಿಸ್ ಸಿಂಗಲ್ಸ್‌ನಲ್ಲಿ ಏಷ್ಯಾಕ್ಕೆ ಬಂದ ಮೊದಲ ಒಲಿಂಪಿಕ್ ಚಿನ್ನ ಅದು. ಜೆಂಗ್ ಬೆಳೆದ ದಾರಿ ಬೇರೆ. ಎಳವೆಯಲ್ಲೇ ಬೀಜಿಂಗಿನಲ್ಲಿ ಕಾರ್ಲೋಸ್ ರೊಡ್ರಿಗೆಸ್ ಅವರ ಖಾಸಗಿ ಅಕಾಡೆಮಿಯಲ್ಲಿ ಕಲಿತರು, ಮುಂದೆ ಸ್ಪೇನ್‌ಗೆ ಹೋದರು. ಅವರ ಆಟದ ಹಿಂದೆ ನಿಂತದ್ದು ಮನೆಯವರ ಹಣ ಮತ್ತು ಧೈರ್ಯ. ನಿನಗೆ ಟೆನಿಸ್ ಇಷ್ಟವೇ ಎಂದು ಇಂದಿನ ಚೀನಾದ ಮಗುವನ್ನು ಕೇಳುವವರಿದ್ದಾರೆ. ಆದರೆ ಆ ಪ್ರಶ್ನೆ ಕೇಳುವ ಅಕಾಡೆಮಿಯ ಶುಲ್ಕ ಕಟ್ಟಲಾಗದ ಮನೆಗಳೂ ವುಹಾನಿನಲ್ಲಿವೆ. ಅಂಥದ್ದೇ ಮನೆಯಲ್ಲಿ ತೋಳು ಬೀಸಿ ಷಟಲ್ ಹೊಡೆಯುವ ಇನ್ನೊಬ್ಬ ಹುಡುಗಿಯನ್ನು ಈಗ ಗುರುತಿಸುವವರು ಯಾರು ಎಂಬುದಕ್ಕೆ ಚೀನಾದ ಟೆನಿಸ್ ಇನ್ನೂ ಉತ್ತರ ಹುಡುಕಬೇಕಾಗಿದೆ.